ಒಂದು ಪಾಪದ ಪದ

ಹೋದ ವರ್ಷ ದೀಪಾವಳಿ ಮುಗಿದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಅವಳೀಗ ತನ್ನ ಊರಿನ ಇಗರ್ಜಿಯಲ್ಲಿ ಕನ್ನಡ ಗಾಯನ ತಂಡವನ್ನು ನಡೆಸುತ್ತಾಳೆ. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಹಾಡಲು ಒಂದು ಹಳೆಯ ಇಂಗ್ಲಿಷ್ ಪದ್ಯವನ್ನು ಕನ್ನಡಕ್ಕೆ ತಂದುಕೊಡಬೇಕು ಎಂದಳು. ನಾನು ಇಂಗ್ಲಿಷ್ ಪಾಠ ಹೇಳಿಯೇ ಬದುಕಿದವಳು, ಇಲ್ಲ ಎನ್ನಲಿಲ್ಲ. ಪದ್ಯವನ್ನು ವಾಟ್ಸಾಪಿನಲ್ಲಿ ಕಳಿಸಿ, ಅರ್ಧ ಗಂಟೆಯಲ್ಲಿ ಮತ್ತೆ ಫೋನ್ ಮಾಡಿದಳು.

"ಮೇಡಂ, ಒಂದು ಸಂಶಯ. ಮೊದಲ ಸಾಲಿನಲ್ಲೇ ಬಾಲಯೇಸುವಿಗೆ 'ಸಿಲ್ಲಿ' ಅಂತ ಹೇಳಿದ್ದಾರೆ. ಪ್ರಿಂಟ್ ತಪ್ಪಾಗಿರಬೇಕಲ್ಲ?"

ತಪ್ಪಾಗಿರಲಿಲ್ಲ. ಪದ್ಯ ರಾಬರ್ಟ್ ಸೌತ್‌ವೆಲ್‌ನದು. ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಿ ಇಂಗ್ಲೆಂಡಿನಲ್ಲಿ ಇರುವುದೇ ಅಪರಾಧವಾಗಿತ್ತು. ಸೌತ್‌ವೆಲ್ ಮನೆಯಿಂದ ಮನೆಗೆ ಅಡಗಿಕೊಂಡು ತಿರುಗಿದ, 1592ರಲ್ಲಿ ಸಿಕ್ಕಿಬಿದ್ದ, ಚಿತ್ರಹಿಂಸೆ ಅನುಭವಿಸಿದ, 1595ರ ಫೆಬ್ರವರಿಯಲ್ಲಿ ಲಂಡನ್ನಿನ ಟೈಬರ್ನ್‌ನಲ್ಲಿ ಗಲ್ಲಿಗೇರಿದ. 1970ರಲ್ಲಿ ಅವನನ್ನು ಸಂತನೆಂದು ಘೋಷಿಸಿದರು. ಇಂಥವನೊಬ್ಬ ತಾನು ಪ್ರಾಣ ಕೊಟ್ಟು ನಂಬಿದ ದೇವರನ್ನು ಹಗುರ ಮಾತಿನಲ್ಲಿ ಕರೆದಿರಲಾರ. ಅವನು ಬರೆದದ್ದು ಹೀಗೆ: ನೋಡಿ, ಒಂದು 'ಸಿಲ್ಲಿ' ಎಳೆಗೂಸು, ಹೆಪ್ಪುಗಟ್ಟುವ ಚಳಿಯ ರಾತ್ರಿಯಲ್ಲಿ, ಬಡ ಗೋದಲಿಯಲ್ಲಿ ನಡುಗುತ್ತ ಮಲಗಿದೆ. ಮುಂದಿನ ಚರಣದಲ್ಲಿ ಅದೇ ಪದ ಇನ್ನೊಮ್ಮೆ ಬರುತ್ತದೆ. ಛತ್ರಗಳೆಲ್ಲ ತುಂಬಿವೆ, ಯಾರೂ ಜಾಗ ಕೊಡುವುದಿಲ್ಲ, ಕೂಸು 'ಸಿಲ್ಲಿ' ಪ್ರಾಣಿಗಳ ಜೊತೆ ತಲೆ ಮರೆಸಿಕೊಳ್ಳಬೇಕಾಗಿದೆ. ಕೂಸಿಗೂ ಕೊಟ್ಟಿಗೆಯ ದನಕ್ಕೂ ಒಂದೇ ವಿಶೇಷಣ.

"ನೀನು ಅದರ ಚಿಂತೆ ಬಿಡು, ನಾನು ನೋಡ್ತೇನೆ" ಎಂದು ಫೋನ್ ಇಟ್ಟೆ. ಇಡೀ ಪದ್ಯ ಎರಡು ಸಂಜೆಯಲ್ಲಿ ಕನ್ನಡಕ್ಕೆ ಬಂತು. ಆ ಒಂದು ಪದ ಮಾತ್ರ ಮೂರು ವಾರ ಬರಲಿಲ್ಲ.

ಈ ಪದದ ಬೇರು ಹಳೆಯ ಇಂಗ್ಲಿಷಿನ 'ಸ್ಯಾಲ್'. ಸುಖ, ಒಳ್ಳೆಯ ಕಾಲ, ತಕ್ಕ ಹೊತ್ತು ಎಂದೆಲ್ಲ ಅದರ ಅರ್ಥ. ಇಂಗ್ಲೆಂಡಿನ ಪೂರ್ವದ ಸಫೊಕ್ ಕಡೆಯ ಆಡುಮಾತಿನಲ್ಲಿ ಹುಲ್ಲು ಕೊಯ್ದು ಒಣಗಿಸುವ ಕಾಲಕ್ಕೆ 'ಹೇಸೆಲ್' ಎಂದು ಹೇಳುತ್ತಿದ್ದರು, ಅಂದರೆ ಹುಲ್ಲಿನ ಸುಗ್ಗಿ. ನಮ್ಮ ಸುಗ್ಗಿಯೂ ಹೀಗೆಯೇ ಅಲ್ಲವೇ? ಅದು ಕೊಯ್ಲಿನ ಕಾಲವೂ ಹೌದು, ಸಂಭ್ರಮವೂ ಹೌದು. ಕಾಲ ಕೂಡಿಬಂದವನು ಸುಖಿ, ಅವನೇ 'ಗೆಸ್ಯಾಲಿಗ್'. ಸಾವಿರ ವರ್ಷದ ಹಿಂದೆ ಈ ಮಾತು ಯಾರಿಗಾದರೂ ಹೇಳಿದರೆ ಅದು ಹರಕೆ. ನೀನು ಭಾಗ್ಯವಂತ, ಕೃಪೆಗೆ ಪಾತ್ರನಾದವನು ಎಂದು ಅರ್ಥ.

ಇದರ ಅಣ್ಣತಮ್ಮಂದಿರು ಬೇರೆ ಭಾಷೆಗಳಲ್ಲಿ ಇಂದಿಗೂ ಮಾನವಾಗಿ ಬದುಕಿದ್ದಾರೆ. ಐಸ್‌ಲ್ಯಾಂಡಿನಲ್ಲಿ ಹೆಂಗಸೊಬ್ಬಳು ಎದುರಾದರೆ 'ಸೈಲ್' ಎಂದು ಮಾತಾಡಿಸುತ್ತಾರೆ, ಸುಖಿಯಾಗಿರು ಎಂದ ಹಾಗೆ. ಜರ್ಮನಿನಲ್ಲಿ 'ಜೇಲಿಷ್' ಎಂದರೆ ಧನ್ಯ. ಯೇಸು ಗುಡ್ಡದ ಮೇಲೆ ಕೂತು ಆತ್ಮದಲ್ಲಿ ಬಡವರಾಗಿರುವವರು ಧನ್ಯರು ಎಂದು ಹೇಳುವ ಮಾತಿದೆಯಲ್ಲ, ಲೂಥರ್ ತನ್ನ ಜರ್ಮನ್ ಬೈಬಲಿನಲ್ಲಿ ಅಲ್ಲಿ ಬಳಸಿದ್ದು ಈ ಪದವನ್ನೇ. ತೀರಿಕೊಂಡವರ ಹೆಸರಿನ ಜೊತೆಗೂ ಜರ್ಮನರು ಇದನ್ನು ಸೇರಿಸುತ್ತಿದ್ದರು, ನಾವು ಕೈಲಾಸವಾಸಿ ಎನ್ನುವ ಹಾಗೆ.

ಇಂಗ್ಲಿಷಿನಲ್ಲಿ ಮಾತ್ರ ಈ ಪದ ಜಾರುತ್ತ ಹೋಯಿತು. 1200ರ ಸುಮಾರಿಗೆ ಭಾಗ್ಯವಂತ ಎಂಬ ಅರ್ಥದ ಪಕ್ಕದಲ್ಲಿ ದೈವಭಕ್ತ ಎಂಬುದು, ಅದರ ಪಕ್ಕದಲ್ಲಿ ನಿಷ್ಪಾಪಿ ಎಂಬುದು ಬಂದು ಕೂತವು. ದೇವರ ಕೃಪೆ ಇರುವವನು ಕೇಡು ಬಗೆಯಲಾರ, ಸರಿ. ಕೇಡು ಬಗೆಯಲಾರದವನು ಯಾರಿಗೂ ಅಪಾಯವಲ್ಲ. ಅಪಾಯವಲ್ಲದವನ ಮೇಲೆ ಯಾರು ಬೇಕಾದರೂ ಕೈಮಾಡಬಹುದು. ಆದ್ದರಿಂದ ಅವನು ಕರುಣೆಗೆ ಪಾತ್ರ. ಕರುಣೆಗೆ ಪಾತ್ರನಾದವನು ಬಲವಿಲ್ಲದವನು. 1300ರ ಹೊತ್ತಿಗೆ ಇಷ್ಟೂ ಮೆಟ್ಟಿಲು ಇಳಿದಾಗಿತ್ತು. ಬಲವಿಲ್ಲದವನು ಬುದ್ಧಿಯಿಲ್ಲದವನೂ ಆಗಲು ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 1570ರ ದಶಕದಲ್ಲಿ 'ಸಿಲ್ಲಿ' ಎಂದರೆ ದಡ್ಡ ಎಂಬ ಬಳಕೆ ಕಾಣಿಸಿಕೊಳ್ಳುತ್ತದೆ. ಅಂದರೆ ಸೌತ್‌ವೆಲ್ ಬರೆಯುವಾಗ ಪದ ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿತ್ತು. ಅವನು ಹಳೆಯ ದೋಣಿಯನ್ನು ಹಿಡಿದುಕೊಂಡ.

ಇಂಗ್ಲಿಷ್ ಕವಿ ಚಾಸರ್‌ನ ಕ್ಯಾಂಟರ್‌ಬರಿ ಕಥೆಗಳಲ್ಲಿ, ಅಂದರೆ 14ನೇ ಶತಮಾನದ ಕೊನೆಯಲ್ಲಿ, ಈ ಪದವನ್ನು ಹುಡುಕುತ್ತ ಹೋದರೆ ಮೆಟ್ಟಿಲುಗಳೆಲ್ಲ ಒಟ್ಟಿಗೇ ಕಾಣುತ್ತವೆ. ಒಂದು ಕಥೆಯಲ್ಲಿ ಎಳೆಯ ಹುಡುಗನೊಬ್ಬ 'ಸೀಲಿ', 'ಸಿಲ್ಲಿ'ಯ ಆಗಿನ ರೂಪ ಅದು. ಅಲ್ಲಿ ಅದು ಕಳಂಕವಿಲ್ಲದ ಮಗು. ಇನ್ನೊಂದರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಡತನದಲ್ಲಿ ಬಾಳುವ ವಿಧವೆ 'ಸೀಲಿ'. ಅವಳ ಹುಂಜವನ್ನು ನರಿ ಕಚ್ಚಿಕೊಂಡು ಹೋಗುತ್ತದೆ, ಅವಳು ಬೊಬ್ಬೆ ಹೊಡೆಯುತ್ತ ಹಿಂದೆ ಓಡುತ್ತಾಳೆ. ಮತ್ತೊಂದರಲ್ಲಿ ಬಡಗಿಯೊಬ್ಬ 'ಸೀಲಿ'. ಅವನ ಮನೆಯಲ್ಲಿ ಬಾಡಿಗೆಗಿದ್ದ ಓದಿದ ಹುಡುಗ ಪ್ರಳಯ ಬರುತ್ತದೆ ಎಂದು ನಂಬಿಸಿ, ಅವನನ್ನು ಮಾಡಿಗೆ ಕಟ್ಟಿದ ತೊಟ್ಟಿಯಲ್ಲಿ ಮಲಗಿಸಿ, ಅವನ ಹೆಂಡತಿಯ ಜೊತೆ ರಾತ್ರಿ ಕಳೆಯುತ್ತಾನೆ. ಕಡೆಗೆ ಬಡಗಿ ಕೆಳಗೆ ಬಿದ್ದು ಕೈ ಮುರಿದುಕೊಳ್ಳುತ್ತಾನೆ, ಊರೆಲ್ಲ ಬಂದು ನಗುತ್ತದೆ.

ಕ್ಲಾಸಿನಲ್ಲಿ ಈ ಕಥೆ ಹೇಳುವಾಗ ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈ ಸಲ ಓದಿದಾಗ ನಗು ಬರಲಿಲ್ಲ. ಬಡಗಿ ಮಾಡಿದ ತಪ್ಪಾದರೂ ಏನು? ಓದಿದವನ ಮಾತು ನಂಬಿದ. ಪ್ರಳಯ ಎಂದು ಕೇಳಿದ ಕೂಡಲೇ ಅವನಿಗೆ ಮೊದಲು ನೆನಪಾದದ್ದು ಹೆಂಡತಿ, ಅವಳು ಮುಳುಗಿಹೋದರೆ ಎಂದು ಅವನು ನಡುಗಿದ. ಅವನನ್ನು 'ಸೀಲಿ' ಎಂದು ಕರೆಯುವಾಗ ಚಾಸರನ ಬಾಯಲ್ಲಿ ಎಷ್ಟು ಮರುಕ ಇತ್ತು, ಎಷ್ಟು ನಗೆ ಇತ್ತು ಎಂದು ತೂಗಿ ಹೇಳುವುದು ಕಷ್ಟ. ಪದ ಜಾರಿದ್ದು ಇಂಥ ಜಾಗಗಳಲ್ಲೇ ಇರಬೇಕು ಎಂದು ನನಗೆ ಅನಿಸುತ್ತದೆ. ಮೋಸ ಮಾಡಿದವನನ್ನು ಬಿಟ್ಟು ಮೋಸ ಹೋದವನನ್ನು ನೋಡಿ ನಗುವ ಜಾಗ ಅದು.

ಇಲ್ಲಿ ನನಗೆ ನನ್ನ ಚಿಕ್ಕಜ್ಜ ನೆನಪಾಗುತ್ತಾರೆ. ಅಜ್ಜನ ತಮ್ಮ. ಪುತ್ತೂರಿನಿಂದ ಒಳಗೆ ಹೋಗುವ ದಾರಿಯಲ್ಲಿ ನಮ್ಮ ಮನೆ, ಅಣ್ಣತಮ್ಮಂದಿರಿಗೆ ಪಾಲಾದ ಅಡಿಕೆ ತೋಟ. ಚಿಕ್ಕಜ್ಜ ಪೇಟೆಗೆ ಹೊರಟರೆ ಅವರ ಅಂಗಿಯ ಕಿಸೆಯಲ್ಲಿ ಏಳೆಂಟು ಮನೆಯ ಚೀಟಿಗಳಿರುತ್ತಿದ್ದವು. ಒಬ್ಬರಿಗೆ ಔಷಧ, ಒಬ್ಬರಿಗೆ ಟಾರ್ಚಿನ ಬ್ಯಾಟರಿ, ಒಬ್ಬರಿಗೆ ಮಗುವಿನ ಸ್ಲೇಟು. ಎಲ್ಲ ತಂದು ಮನೆಮನೆಗೆ ಮುಟ್ಟಿಸಿ, ಕತ್ತಲಾದ ಮೇಲೆ ಮನೆ ಸೇರುತ್ತಿದ್ದರು. ಅಡಿಕೆ ತೂಗುವಾಗ ಅವರು ತಕ್ಕಡಿ ನೋಡುತ್ತಿರಲಿಲ್ಲ. ಕೇಳಿದರೆ, "ತೂಗುವವ ನೋಡ್ತಾನಲ್ಲ" ಎನ್ನುತ್ತಿದ್ದರು. ಆಗೆಲ್ಲ ಊರಿನವರು ಅವರನ್ನು "ದೇವರಂಥ ಜನ" ಎಂದು ಹೇಳುತ್ತಿದ್ದರು.

ಆಮೇಲೆ ಸಂಬಂಧಿಕರೊಬ್ಬರ ಸಾಲಕ್ಕೆ ಜಾಮೀನು ಹಾಕಿದರು. ಕಾಗದ ಓದಿ ನೋಡಲಿಲ್ಲ. ಸಾಲ ತೆಗೆದವರು ಕಟ್ಟಲಿಲ್ಲ, ಚಿಕ್ಕಜ್ಜನ ಪಾಲಿನ ತೋಟದ ಅರ್ಧಕ್ಕಿಂತ ಹೆಚ್ಚು ಹೋಯಿತು. ಊರಿನ ಮಾತು ಬದಲಾಯಿತು. "ಪಾಪದವರು ಮಾರಾಯ್ರೆ, ಅವರಿಗೆ ಹಾಗೆ ಆಗಬಾರದಿತ್ತು." ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೂ ಬದಲಾಯಿತು. ತೋಟದ ಬದಿಯಲ್ಲಿ ನಿಂತು ಯಾರೋ ಹೇಳಿದ್ದನ್ನು ನಾನೇ ಕೇಳಿದ್ದೇನೆ: "ಪೆದ್ದು ಜನ ಅದು. ಮಂಡೆ ಇದ್ದವ ಯಾರಾದರೂ ಸೈನ್ ಹಾಕ್ತಾನಾ?" ನನಗಾಗ ಹನ್ನೆರಡು ವರ್ಷ. ಚಿಕ್ಕಜ್ಜ ಅಂದೂ ಚೀಟಿ ತೆಗೆದುಕೊಂಡು ಪೇಟೆಗೆ ಹೋಗಿದ್ದರು. ಅವರಲ್ಲಿ ಏನೂ ಬದಲಾಗಿರಲಿಲ್ಲ. ಇಂಗ್ಲಿಷಿನಲ್ಲಿ ಐದಾರು ಶತಮಾನ ಹಿಡಿದ ಇಳಿಜಾರನ್ನು ನಮ್ಮ ಊರು ಒಬ್ಬ ಮನುಷ್ಯನ ಮೇಲೆ ಮೂರು ವರ್ಷದಲ್ಲಿ ಇಳಿಸಿ ಮುಗಿಸಿತು. ಅವರು ತೀರಿಕೊಂಡ ದಿನ ಅಂಗಳದಲ್ಲಿ ನೆರೆದವರೆಲ್ಲ ಮತ್ತೆ "ದೇವರಂಥ ಜನ" ಎಂದರು. ಆ ಮಾತು ಸುಳ್ಳಾಗಿರಲಿಲ್ಲ, ತಡವಾಗಿತ್ತು.

ಭಾಷಾವಿಜ್ಞಾನದ ಪುಸ್ತಕಗಳು ಇದಕ್ಕೆ ಹೀನಾರ್ಥಪ್ರಾಪ್ತಿ ಎಂದು ಹೆಸರಿಟ್ಟಿವೆ. ಸರಿಯಾದ ಹೆಸರೇ. ಆದರೆ ಅದನ್ನು ಓದುವಾಗ ಪದಕ್ಕೆ ತಾನಾಗಿ ಏನೋ ರೋಗ ಬಂದ ಹಾಗೆ ಕೇಳಿಸುತ್ತದೆ. ಪದಕ್ಕೆ ಏನೂ ಆಗುವುದಿಲ್ಲ. ಕೇಡು ಬಗೆಯದವರ ಜೊತೆ ಅಕ್ಕಪಕ್ಕದವರು ಹೇಗೆ ನಡೆದುಕೊಂಡರು ಎಂಬುದರ ಲೆಕ್ಕ ಪದದೊಳಗೆ ಉಳಿದಿರುತ್ತದೆ. ಹಾಗೆಂದು ಇಂಗ್ಲಿಷರು ಮಾತ್ರ ಹೀಗೆ ಎಂದುಕೊಳ್ಳಬಾರದು. ಫ್ರೆಂಚಿನಲ್ಲಿ ಪೆದ್ದನಿಗೆ 'ಬೆನೆ' ಎನ್ನುತ್ತಾರೆ. ಅದು ಆಶೀರ್ವಾದ ಪಡೆದವನು ಎಂಬ ಲ್ಯಾಟಿನ್ ಪದದ ಸವೆದ ರೂಪ. ಇಂಗ್ಲಿಷಿನವರೂ ಬೈಗುಳವಾಗಿ ಬಳಸುವ 'ಕ್ರೆಟಿನ್' ಹುಟ್ಟಿದ್ದು ಆಲ್ಪ್ಸ್ ಬೆಟ್ಟಗಳ ಕಡೆಯ ಫ್ರೆಂಚಿನಲ್ಲಿ. ಅಲ್ಲಿ ಆಹಾರದಲ್ಲಿ ಅಯೋಡಿನ್ ಸಾಲದೆ ದೇಹ ಬುದ್ಧಿ ಎರಡೂ ಬೆಳೆಯದೆ ಉಳಿದವರನ್ನು 'ಕ್ರಿಶ್ಚಿಯನ್' ಎಂದು ಕರೆಯುತ್ತಿದ್ದರು. ಇವರೂ ನಮ್ಮ ಹಾಗೆ ಮನುಷ್ಯರೇ ಎಂದು ನೆನಪಿಸುವ ಮಾತು ಅದು. ಆ ಕರುಣೆಯ ಮಾತೇ ಕೊನೆಗೆ ಬೈಗುಳವಾಯಿತು.

ನಮ್ಮಲ್ಲೂ ಇದಕ್ಕೆ ಸಾಕ್ಷಿ ಇದೆ, ಅದೂ ಬಂಡೆಯ ಮೇಲೆ ಕೊರೆದ ಸಾಕ್ಷಿ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಅದು ನಿಜಾಮರ ಸೀಮೆಯಾಗಿದ್ದ ಕಾಲದಲ್ಲಿ, 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಓದಿದಂದಿನಿಂದ ಶಾಸನಗಳ ತುಂಬ 'ದೇವಾನಾಂಪಿಯ' ಎಂಬ ರಾಜ ಸಿಗುತ್ತಲೇ ಇದ್ದ. ಅವನು ಅಶೋಕನೇ ಎಂದು ಸಿಂಹಳದ ಇತಿಹಾಸಗಳ ನೆರವಿನಿಂದ ವಿದ್ವಾಂಸರು ಊಹಿಸಿದ್ದರು. ಮಸ್ಕಿಯ ಬಂಡೆ 'ದೇವಾನಾಂಪಿಯ ಅಶೋಕ' ಎಂದು ಹೆಸರನ್ನೇ ಹೇಳಿತು. ದೇವರುಗಳಿಗೆ ಪ್ರಿಯನಾದ ಅಶೋಕ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅದು ಚಕ್ರವರ್ತಿಯ ಬಿರುದು. ಸಿಂಹಳದ ತಿಸ್ಸ ರಾಜನೂ ಅದನ್ನು ಧರಿಸಿದ್ದ. ಅಶೋಕನಾದ ನೂರು ವರ್ಷದ ಆಚೀಚೆ ವೈಯಾಕರಣ ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಅದನ್ನು ದೀರ್ಘಾಯು, ಆಯುಷ್ಮಾನ್ ಎಂಬ ಮಾತುಗಳ ಸಾಲಿನಲ್ಲಿ ಇಡುತ್ತಾನೆ. ಗೌರವದ ಸಂಬೋಧನೆಯಾಗಿ.

ಆದಿ ಶಂಕರರ ಬ್ರಹ್ಮಸೂತ್ರ ಭಾಷ್ಯಕ್ಕೆ ಬನ್ನಿ. ಎದುರಾಳಿಯ ವಾದ ಬಾಲಿಶವೆಂದು ಕಂಡಾಗ ಅವರು, ಈ ದೇವಾನಾಂಪ್ರಿಯನನ್ನು ಮೊದಲು ಕೇಳಬೇಕಾದ್ದು ಇಷ್ಟು, ಎನ್ನುತ್ತಾರೆ. ಅಲ್ಲಿ ಅದರ ಅರ್ಥ ಪೆದ್ದ. 17ನೇ ಶತಮಾನದಲ್ಲಿ ಭಟ್ಟೋಜಿ ದೀಕ್ಷಿತರು ಸಿದ್ಧಾಂತಕೌಮುದಿ ಎಂಬ ವ್ಯಾಕರಣ ಗ್ರಂಥದಲ್ಲಿ ಇದನ್ನು ನಿಯಮವಾಗಿಯೇ ಬರೆದಿಟ್ಟರು. ಮೂರ್ಖ ಎನ್ನಬೇಕಾದಲ್ಲಿ ದೇವಾನಾಂಪ್ರಿಯ, ಉಳಿದ ಕಡೆ ದೇವಪ್ರಿಯ. ನಡುವೆ ಒಂದು ವಿಭಕ್ತಿ ಪ್ರತ್ಯಯ ಉಳಿಯಿತೋ ಅಳಿಯಿತೋ ಎಂಬುದಷ್ಟೇ ವ್ಯತ್ಯಾಸ, ಅಷ್ಟರಲ್ಲೇ ಧನ್ಯನೂ ದಡ್ಡನೂ ಬೇರೆಯಾಗುತ್ತಾರೆ.

ಬೌದ್ಧ ರಾಜನ ಮೇಲಿನ ವೈದಿಕರ ಸಿಟ್ಟೇ ಇದಕ್ಕೆ ಕಾರಣ ಎಂದು ಹಲವರು ಹೇಳುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಸ್ವಲ್ಪ ಸಿಟ್ಟು ಸೇರಿರಲೂಬಹುದು. ಆದರೆ 'ಸಿಲ್ಲಿ'ಯನ್ನೂ 'ಬೆನೆ'ಯನ್ನೂ ಪಕ್ಕದಲ್ಲಿಟ್ಟು ನೋಡಿದ ಮೇಲೆ ಆ ವಿವರಣೆ ನನಗೆ ಸಾಲುತ್ತಿಲ್ಲ. ಇಂಗ್ಲೆಂಡಿನಲ್ಲಿ ಯಾವ ಮತದವರೂ ಯಾರ ಮೇಲೂ ಸೇಡು ತೀರಿಸಿಕೊಳ್ಳಲು 'ಸಿಲ್ಲಿ'ಯನ್ನು ಕೆಡಿಸಲಿಲ್ಲ. ದ್ವೇಷ ಇಲ್ಲದಿದ್ದರೂ ದೇವರಿಗೆ ಪ್ರಿಯನಾದವನು ಮನುಷ್ಯರ ಕಣ್ಣಿಗೆ ಪೆದ್ದನಾಗಿ ಕಾಣುತ್ತ ಹೋಗುತ್ತಾನೆ. ದ್ವೇಷವಾದರೆ ಯಾರದ್ದು ಎಂದು ಬೆರಳು ತೋರಿಸಬಹುದಿತ್ತು. ಇದು ಅದಕ್ಕಿಂತ ಹೆಚ್ಚು ಕಳವಳದ ಸಂಗತಿ.

ಎಲ್ಲ ಪದಗಳೂ ಇಳಿಯುತ್ತವೆ ಎಂದಲ್ಲ. ಏರುವ ಪದಗಳೂ ಉಂಟು, ಅವುಗಳದ್ದು ಉತ್ತಮಾರ್ಥಪ್ರಾಪ್ತಿ. 'ಸಿಲ್ಲಿ' ಕೆಳಗಿಳಿಯುವಾಗ ಎದುರಿನಿಂದ ಮೇಲೆ ಹತ್ತಿ ಬಂದದ್ದು 'ನೈಸ್'. ಅದರ ಮೂಲ ಲ್ಯಾಟಿನ್ನಿನ 'ನೆಸ್ಕಿಯುಸ್', ಏನೂ ತಿಳಿಯದವನು. ಹಳೆಯ ಫ್ರೆಂಚಿನಿಂದ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ದಡ್ಡ ಎಂದೇ ಇತ್ತು. ಆಮೇಲೆ ಅತಿ ನಾಜೂಕಿನ, ಸೂಕ್ಷ್ಮದ ಎಂದೆಲ್ಲ ಆಗಿ, 18ನೇ ಶತಮಾನದ ಹೊತ್ತಿಗೆ ಹಿತವಾದ, ಒಳ್ಳೆಯ ಎಂಬಲ್ಲಿಗೆ ಮುಟ್ಟಿತು. ಕನ್ನಡಕ್ಕೆ ಬಂದ ಮೇಲೂ ಅದು ಸುಮ್ಮನೆ ಕೂರಲಿಲ್ಲ. ಹಿಟ್ಟನ್ನು ನೈಸಾಗಿ ರುಬ್ಬುತ್ತೇವೆ, ಕೆಲಸ ಆಗಬೇಕಾದಾಗ ಯಾರನ್ನಾದರೂ ನೈಸ್ ಮಾಡುತ್ತೇವೆ.

ನಮ್ಮ 'ಮುಗ್ಧ' ಹತ್ತಿದ ಏಣಿ ಇದಕ್ಕಿಂತ ದೊಡ್ಡದು. ಸಂಸ್ಕೃತದ 'ಮುಹ್' ಧಾತುವಿಗೆ ದಿಕ್ಕು ತಪ್ಪು, ಮರುಳಾಗು ಎಂದು ಅರ್ಥ. ಮೋಹ ಬಂದದ್ದು ಅಲ್ಲಿಂದ. ಅದೇ ಧಾತುವಿನಿಂದ ಒಂದೇ ಅರ್ಥದ ಎರಡು ರೂಪಗಳು ಹುಟ್ಟಿದವು. ಒಂದು ಮುಗ್ಧ, ಇನ್ನೊಂದು ಮೂಢ. ಒಂದೇ ಹೊಟ್ಟೆಯ ಮಕ್ಕಳು. ಸಂಸ್ಕೃತದಲ್ಲಿ ಮುಗ್ಧ ಎಂದರೆ ಪೆದ್ದ ಎಂದೂ ಆಗುತ್ತಿತ್ತು, ಏನೂ ತಿಳಿಯದ ಚೆಲುವೆ ಎಂದೂ ಆಗುತ್ತಿತ್ತು. ಕನ್ನಡಕ್ಕೆ ಬಂದಮೇಲೆ ದಡ್ಡತನವೆಲ್ಲ ಮೂಢನ ಪಾಲಿಗೆ ಹೋಯಿತು, ನಿಷ್ಕಲ್ಮಷವೆಲ್ಲ ಮುಗ್ಧನ ಪಾಲಿಗೆ ಬಂತು. ಇಂದು ಮಗುವಿನ ನಗೆಗೆ ಮುಗ್ಧ ಎನ್ನುವಾಗ ಅದರ ಅಣ್ಣ ಯಾರೆಂದು ಯಾರಿಗೂ ನೆನಪಿಲ್ಲ. ಆಡುಮಾತಿನಲ್ಲಿ ಇನ್ನೊಂದು ಜೋಡಿ ಇದೆ. ಕೇಳಿದವರಿಗೆ ಹಿಂದೆಮುಂದೆ ನೋಡದೆ ವರ ಕೊಟ್ಟುಬಿಡುವ ಶಿವ ಭೋಳೇಶಂಕರ. ಅದೇ ಸ್ವಭಾವ ಪಕ್ಕದ ಮನೆಯವನದ್ದಾದರೆ ಬೋದಾಳಶಂಕರ.

ಮುಗ್ಧವನ್ನೇ ಹಾಕಿಬಿಡಬಹುದಿತ್ತಲ್ಲ, ಪದ್ಯಕ್ಕೆ? ಹಾಕಿ ನೋಡಿದೆ. 'ಮುಗ್ಧ ಶಿಶು.' ಗ್ರೀಟಿಂಗ್ ಕಾರ್ಡಿನ ಮೇಲೆ ಬರೆದ ಹಾಗೆ ಆಯಿತು. ಸೌತ್‌ವೆಲ್‌ನ ಕೂಸು ಕಾರ್ಡಿನ ಮೇಲಿನ ಕೂಸಲ್ಲ, ಅದು ಚಳಿಯಲ್ಲಿ ನಡುಗುತ್ತಿದೆ. ಅದಕ್ಕೆ ಯಾರೂ ಜಾಗ ಕೊಟ್ಟಿಲ್ಲ. 'ಮುಗ್ಧ'ದಲ್ಲಿ ಚಳಿ ಇಲ್ಲ. 'ಅಸಹಾಯಕ'ದಲ್ಲಿ ಚಳಿ ಇದೆ, ಅದರ ಜೊತೆಗೆ ಸರಕಾರಿ ಅರ್ಜಿಯ ವಾಸನೆಯೂ ಇದೆ. ಕನ್ನಡ ಬೈಬಲಿನ 'ಧನ್ಯ' ಹಾಕೋಣವೆಂದರೆ ಅದರಲ್ಲಿ ಬಡತನ ಕಾಣುವುದಿಲ್ಲ. ನನಗೆ ಬೇಕಾದ ಪದದಲ್ಲಿ ಕೇಡರಿಯದ ಮನಸ್ಸು, ಬಡತನ, ನೋಡಿದವರ ಮರುಕ, ಎಲ್ಲದರ ಹಿಂದೆ ಎಲ್ಲೋ ಒಂದು ದೇವರ ನೆರಳು, ಇಷ್ಟೂ ಬೇಕಿತ್ತು.

ಇಂಗ್ಲಿಷಿನಲ್ಲಿ ಇಷ್ಟನ್ನೂ ಹೊತ್ತ ಹಳೆಯ 'ಸಿಲ್ಲಿ' ಒಮ್ಮೆಗೇ ಸಾಯಲಿಲ್ಲ. ಷೇಕ್ಸ್‌ಪಿಯರನ ನಾಟಕವೊಂದರಲ್ಲಿ ಯುದ್ಧದ ನಡುವೆ ದಣಿದ ಆರನೇ ಹೆನ್ರಿ ದೊರೆ ಕುರುಬನ ಬದುಕಿಗೆ ಆಸೆಪಟ್ಟು ಹೇಳುವ ಮಾತಿನಲ್ಲಿ ಕುರಿಗಳು 'ಸಿಲ್ಲಿ'. ಅಲ್ಲಿ ಅದಕ್ಕೆ ದಡ್ಡ ಎಂದು ಅರ್ಥ ಹಚ್ಚಿದರೆ ದೊರೆಯ ದುಃಖವೇ ಕೆಟ್ಟುಹೋಗುತ್ತದೆ. 1785ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ರೈತಕವಿ ರಾಬರ್ಟ್ ಬರ್ನ್ಸ್ ನೇಗಿಲ ಕುಳಕ್ಕೆ ಸಿಕ್ಕಿ ಮುರಿದುಹೋದ ಇಲಿಯ ಗೂಡನ್ನು ಕಂಡು ಇಲಿಯನ್ನೇ ಮಾತಾಡಿಸುತ್ತ ಪದ್ಯ ಬರೆದ. ಚಳಿಗಾಲ ಬಂತು, ನಿನ್ನ ಪುಟ್ಟ ಮನೆ ಹಾಳಾಯಿತು, ಅದರ 'ಸಿಲ್ಲಿ' ಗೋಡೆಗಳನ್ನು ಗಾಳಿ ಚೆಲ್ಲಾಡುತ್ತಿದೆ. ಗೋಡೆ ದಡ್ಡ ಅಲ್ಲವಲ್ಲ. ಪಾಪ, ಗಾಳಿಗೆ ತಡೆಯದ ಗೋಡೆ ಅದು. ಸ್ಕಾಟ್ಲೆಂಡಿನ ಜನ ಕೇಡು ಮಾಡದ ಯಕ್ಷಿಣಿಯರನ್ನು 'ಸೀಲಿ' ಎಂದೂ ಕೆಡುಕಿನವರನ್ನು 'ಅನ್‌ಸೀಲಿ' ಎಂದೂ ಕರೆಯುತ್ತಿದ್ದರು. ಮೂಲೆಯ ಸೀಮೆಗಳಲ್ಲಿ, ಬಡವರ ಬಾಯಲ್ಲಿ, ಪದದ ಹಳೆಯ ಮಾನ ಹೆಚ್ಚು ಕಾಲ ಉಳಿಯಿತು. 'ಸಿಲ್ಲಿ ಸಫೊಕ್' ಎಂಬ ಅಡ್ಡಹೆಸರೂ ಮೊದಲು ಪುಣ್ಯಭೂಮಿ ಸಫೊಕ್ ಎಂದೇ ಇತ್ತು ಎಂದು ಆ ಜಿಲ್ಲೆಯವರು ತಮ್ಮ ಇಗರ್ಜಿಗಳನ್ನು ತೋರಿಸಿ ಹೇಳುತ್ತಾರೆ.

ನಮ್ಮ ಮಕ್ಕಳ ಬಾಯಿಗೆ ಬರುವ ಹೊತ್ತಿಗೆ ಅದರಲ್ಲಿ ಇಷ್ಟು ಮಾತ್ರ ಉಳಿದಿದೆ. ಲೆಕ್ಕದ ಪರೀಕ್ಷೆಯಲ್ಲಿ ಎರಡು ಮಾರ್ಕು ಹೋದದ್ದು ಸಿಲ್ಲಿ ಮಿಸ್ಟೇಕ್. ಗೆಳತಿಯ ಜಗಳ ಸಿಲ್ಲಿ ಮ್ಯಾಟರ್. ಇನ್ನೊಂದು ಕ್ರಿಕೆಟ್ಟಿನ ಸಿಲ್ಲಿ ಪಾಯಿಂಟ್, ಸಿಲ್ಲಿ ಮಿಡ್‌ ಆನ್. ಬ್ಯಾಟ್ಸ್‌ಮನ್ನಿಗೆ ಅಷ್ಟು ಹತ್ತಿರ ನಿಲ್ಲುವುದು ಬುದ್ಧಿಗೇಡಿತನ ಎಂದು ಆ ಹೆಸರು. ಪ್ರಸನ್ನ, ಚಂದ್ರಶೇಖರ್ ಬೌಲ್ ಮಾಡುತ್ತಿದ್ದ ಕಾಲದಲ್ಲಿ ಏಕನಾಥ ಸೋಲ್ಕರ್ ಅಂಥವರು ಹೆಲ್ಮೆಟ್ ಇಲ್ಲದೆ ಬ್ಯಾಟಿನ ಮೂಗಿನಡಿಯಲ್ಲೇ ಬಗ್ಗಿ ನಿಲ್ಲುತ್ತಿದ್ದರು. ರೇಡಿಯೋದಲ್ಲಿ ಆ ಜಾಗಗಳ ಹೆಸರು ಕೇಳುವಾಗ ಈಗ ನನಗೆ ಹಳೆಯ ಅರ್ಥವೇ ಮೊದಲು ಬರುತ್ತದೆ. ಚೆಂಡಿಗೆ ಎದೆಯೊಡ್ಡಿ, ರಕ್ಷಣೆಯಿಲ್ಲದೆ ನಿಂತವನು. ಇದು ನಿಘಂಟಿನ ಮಾತಲ್ಲ, ನನ್ನ ಕಿವಿಯ ಮಾತು.

ನನಗೆ ಬೇಕಾಗಿದ್ದ ಪದ ಮನೆಯಲ್ಲೇ ಇತ್ತು. ಡಿಸೆಂಬರ್ ಮೊದಲ ವಾರ ಬೆಳಗ್ಗೆ ಹಾಲು ತರುವ ಹೆಂಗಸು ಅಂಗಳದಲ್ಲಿ ನಿಂತು ಯಾರದೋ ಕರುವಿನ ವಿಷಯ ಹೇಳುತ್ತಿದ್ದಳು. ತಾಯಿ ದನ ಸತ್ತು ಎರಡು ದಿನವಾಗಿತ್ತಂತೆ. "ಪಾಪದ ಕರು ಅಕ್ಕ, ಯಾರು ಹೋದರೂ ಕೈ ನೆಕ್ಕುತ್ತದೆ" ಎಂದಳು. ನಾನು ಚೊಂಬು ಹಿಡಿದುಕೊಂಡು ಹಾಗೆಯೇ ನಿಂತೆ. ಪಾಪದ ಕರು. ಪಾಪದ ಜನ. ಪಾಪದವ. ಕರಾವಳಿಯ ನಾವು ದಿನಕ್ಕೆ ಹತ್ತು ಸಲ ಹೇಳುವ ಮಾತು. ಅದಕ್ಕೆ ಸಾಧು ಎಂದೂ ಅರ್ಥ, ಬಡವ ಎಂದೂ ಅರ್ಥ, ಮರುಕ ಹುಟ್ಟಿಸುವವನು ಎಂದೂ ಅರ್ಥ. ಊರವರು ಚಿಕ್ಕಜ್ಜನಿಗೆ ಎರಡನೆಯ ಸಲ ಇಟ್ಟ ಹೆಸರೂ ಅದೇ. ಪಾಪ ಎಂಬ ಭಯಂಕರ ಶಬ್ದ ಹೇಗೆ ಹೇಗೋ ಹೊರಳಿ, ಪಾಪ ಮಾಡಲು ಬಾರದವನ ಹೆಸರಾಗಿದೆ. ಚಾಸರನ ವಿಧವೆಯೂ ಬಡಗಿಯೂ ನಮ್ಮ ಊರಿನಲ್ಲಿದ್ದಿದ್ದರೆ ಪಾಪದವರೇ ಆಗುತ್ತಿದ್ದರು. ಬರ್ನ್ಸ್‌ನ ಇಲಿಯೂ ಹಾಗೆಯೇ.

ಅಂದು ಮಧ್ಯಾಹ್ನವೇ 'ಪಾಪದ ಕೂಸು' ಎಂದು ಬರೆದು ಕಳಿಸಿದೆ. ಅವಳು ಫೋನ್ ಮಾಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಮೇಡಂ, ಮನೆಯಲ್ಲಿ ಓದಿದರೆ ಕಣ್ಣಲ್ಲಿ ನೀರು ಬರ್ತದೆ. ಆದರೆ ಇಗರ್ಜಿಯಲ್ಲಿ ಪಾಪ ಅಂದರೆ ಪಾಪವೇ. ಬೆಂಗಳೂರಿನಿಂದ ರಜೆಗೆ ಬಂದವರೂ ಇರ್ತಾರೆ, ಅವರಿಗೆ ಪಾಪದ ಕೂಸು ಅಂದರೆ ಪಾಪದಿಂದ ಹುಟ್ಟಿದ ಕೂಸು ಅಂತ ಆಗ್ತದೆ. ಫಾದರ್ ಎದುರು ನಾನು ಹೇಗೆ ಹಾಡಿಸಲಿ?"

ಅವಳು ಹೇಳಿದ್ದು ನಿಜ. ಪಾಪವಿಲ್ಲದೆ ಹುಟ್ಟಿದನೆಂದು ಅವರು ನಂಬುವ ಒಬ್ಬನಿಗೆ ಆ ಪದ ಹಚ್ಚಲಾಗದು. ಇಷ್ಟು ದಿನ ಹುಡುಕಿ ಸಿಕ್ಕಿದ ಸರಿಯಾದ ಪದ, ಅದನ್ನು ಬಳಸಬೇಕಾಗಿದ್ದ ಒಂದೇ ಒಂದು ಕಡೆ ಬಳಸುವ ಹಾಗಿರಲಿಲ್ಲ. ಆ ರಾತ್ರಿ ನನಗೆ ಬಹಳ ಬೇಸರವಾಯಿತು. ಮರುದಿನ ಸಾಲನ್ನು ಮತ್ತೆ ಮತ್ತೆ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಾಗ ನಾಲಗೆಯೇ ಒಂದು ಕಡೆ ನಿಂತಿತು. ವಿಶೇಷಣವಾಗಿ ಬಂದರಲ್ಲವೇ ಗೊಂದಲ? ನೋಡಿದವರ ಬಾಯಿಂದ ಹೊರಡುವ ಉದ್ಗಾರವಾಗಿ ಬಂದರೆ ಬೀದರಿನವರಿಗೂ ಬೆಂಗಳೂರಿನವರಿಗೂ ಅರ್ಥವಾಗುತ್ತದೆ.

ನೋಡಿರಿ, ಪಾಪ, ಹಸುಗೂಸು
ಕೊರೆವ ಚಳಿಯ ಇರುಳಲಿ
ನಡುಗುತ ಮಲಗ್ಯದೆ ಒಂಟಿ ಕೂಸು
ಬಡವರ ಗೋದಲಿಯಲಿ.

ದನಗಳಿಗೆ 'ಮೂಕ' ಎಂದು ಹಾಕಿದೆ, ಮೂಕಪ್ರಾಣಿ ನಮ್ಮಲ್ಲಿ ಇರುವ ಮಾತೇ. ಕೂಸಿಗೂ ದನಕ್ಕೂ ಒಂದೇ ಪದ ಎಂಬ ಸೌತ್‌ವೆಲ್‌ನ ಚಂದ ಅಲ್ಲಿ ಕಳೆದುಹೋಯಿತು. ಅದನ್ನು ಉಳಿಸಲು ನನಗೆ ಆಗಲಿಲ್ಲ.

ಹಾಡಿದ್ದನ್ನು ಅವಳು ರೆಕಾರ್ಡ್ ಮಾಡಿ ಕಳಿಸಿದ್ದಾಳೆ. ಮೊದಲ ಸಾಲಿನಲ್ಲಿ 'ನೋಡಿರಿ' ಎಂದ ಮೇಲೆ ಹೆಂಗಸರು ಉಸಿರು ತೆಗೆದುಕೊಳ್ಳುತ್ತಾರೆ, ಆಮೇಲೆ ಆ ಪದವನ್ನು ರಾಗವಿಲ್ಲದೆ, ಬರೀ ಮಾತಿನ ಹಾಗೆ ಹೇಳಿ ಮುಂದೆ ಹೋಗುತ್ತಾರೆ. ಹಾಗೆ ಹಾಡಿ ಎಂದು ನಾನು ಹೇಳಿಕೊಟ್ಟಿರಲಿಲ್ಲ.